ಈಮ್ಯಾಕ್ಸ್ ಒಳಗೇ ಟರ್ಮಿನಲ್: ವಿಟರ್ಮ್ ಬಗ್ಗೆ ನನ್ನ ಅಭಿಪ್ರಾಯ

ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್ ಒಳಗೇ ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಓಡಿಸೋ ಪರದೆ) ತೆರೆಯೋ ಪ್ಯಾಕೇಜ್ ವಿಟರ್ಮ್. ಎಡಿಟರ್ ಒಳಗೆ ಟರ್ಮಿನಲ್ ಯಾಕಪ್ಪಾ, ಪಕ್ಕದಲ್ಲಿ ಇನ್ನೊಂದು ವಿಂಡೋ ತೆಗೆದ್ರೆ ಆಯ್ತಲ್ಲ ಅಂತ ತುಂಬಾ ಜನ ಕೇಳ್ತಾರೆ. ವಿಂಡೋ ಬದಲಾಯಿಸೋದು ತಪ್ಪುತ್ತೆ ಅನ್ನೋದು ಸಣ್ಣ ಲಾಭ ಅಷ್ಟೇ. ನಿಜವಾದ ಲಾಭ ಏನಂದ್ರೆ ಕಮಾಂಡ್ ಕೊಟ್ಟ ಔಟ್‌ಪುಟ್ಟೆಲ್ಲ ಒಂದು ಬಫರ್ (ಈಮ್ಯಾಕ್ಸ್ ಪಠ್ಯ ತೆರೆದಿಟ್ಟುಕೊಳ್ಳೋ ಜಾಗ) ಆಗಿ ನಿಮ್ಮ ಕೈಗೆ ಸಿಗುತ್ತೆ, ಅಂದ್ರೆ ಫೈಲಲ್ಲಿ ಏನೇನು ಮಾಡ್ತೀರೋ ಹುಡುಕೋದು, ಕಾಪಿ ಮಾಡೋದು, ಒಂದು ಪದ ಇರೋ ಸಾಲುಗಳನ್ನ ಮಾತ್ರ ಪಟ್ಟಿ ಮಾಡಿ ನೋಡೋದು, ಅದೆಲ್ಲಾ ಅಲ್ಲೂ ಮಾಡಬಹುದು, ಮೌಸ್ ಮುಟ್ಟೋದೇ ಬೇಡ. ಟೆಸ್ಟ್ ಓಡಿಸಿ ನೂರಾರು ಸಾಲು ಎರರ್ ಬಂದಾಗ ಅದರಲ್ಲಿ 'ಫೇಲ್ಡ್' ಅಂತ ಇರೋ ಸಾಲುಗಳನ್ನ ಈಮ್ಯಾಕ್ಸ್‌ನ ಅಕರ್ (occur) ಕಮಾಂಡ್‌ನಿಂದ ಒಟ್ಟಿಗೆ ನೋಡಿ, ಆಮೇಲೆ ಬೇರೆ ಟರ್ಮಿನಲ್‌ಗೆ ಹೋಗೋಕೆ ಮನಸ್ಸೇ ಬರಲ್ಲ.

ಇದಕ್ಕೆ ಈಮ್ಯಾಕ್ಸ್ ಜೊತೆಗೇ ಬರೋ ದಾರಿಗಳು ಮೂರಿವೆ. (ಶೆಲ್ ಅಂದ್ರೆ ನೀವು ಕೊಟ್ಟ ಕಮಾಂಡ್ ಓದಿ ನಡೆಸೋ ಪ್ರೋಗ್ರಾಂ.) ಶೆಲ್ ಮೋಡ್ ಹಗುರ, ಆದ್ರೆ ಅದು ಟರ್ಮಿನಲ್ಲೇ ಅಲ್ಲ, ಪರದೆ ಪೂರ್ತಿ ತುಂಬಿಕೊಳ್ಳೋ ಹೆಚ್‌ಟಾಪ್ ಥರದ ಪ್ರೋಗ್ರಾಂ ಅದರಲ್ಲಿ ನಡೆಯಲ್ಲ. ಈಶೆಲ್ ಪೂರ್ತಿ ಈಮ್ಯಾಕ್ಸ್‌ನ ಸ್ವಂತ ಲಿಸ್ಪ್ ಭಾಷೆಯಲ್ಲಿ ಬರೆದ ಶೆಲ್, ಚೆನ್ನಾಗಿದೆ, ಆದ್ರೆ ಬ್ಯಾಷ್ ಅನ್ನೋ ಸಾಮಾನ್ಯ ಶೆಲ್‌ಗೆ ಬರೆದ ಸ್ಕ್ರಿಪ್ಟ್ ಸಾಲು ಹಂಗೇ ತಂದು ಹಾಕಿದ್ರೆ ಎಷ್ಟೋ ಸಲ ಎಡವುತ್ತೆ. ಆನ್ಸಿ-ಟರ್ಮ್ ನಿಜವಾದ ಟರ್ಮಿನಲ್ಲೇ, ಆದ್ರೆ ಬಣ್ಣದ ಕೋಡು, ಕರ್ಸರ್ ಓಡಾಟ ಎಲ್ಲಾನೂ ಲಿಸ್ಪ್‌ನಲ್ಲೇ ಬಿಡಿಸಿ ಓದಬೇಕಾದ್ರಿಂದ ದೊಡ್ಡ ಲಾಗ್ ಹರಿಯೋಕೆ ಶುರುವಾದ್ರೆ ಎಡಿಟರೇ ತೆವಳುತ್ತೆ.

ವಿಟರ್ಮ್ ಗೆದ್ದಿರೋದು ಇಲ್ಲೇ. ಆ ಬಿಡಿಸೋ ಕೆಲಸವನ್ನ ಅದು ಸಿ ಭಾಷೆಯ ಲಿಬ್‌ವಿಟರ್ಮ್ ಲೈಬ್ರರಿಗೆ ಬಿಡುತ್ತೆ, ನಿಯೋವಿಮ್ ಮತ್ತೆ 2018ರ ವಿಮ್ 8.1ರ ಟರ್ಮಿನಲ್‌ಗಳ ಒಳಗಿರೋದೂ ಇದೇ ಲೈಬ್ರರಿ. ವೇಗದ ವ್ಯತ್ಯಾಸ ಅಳೆದು ನೋಡೋದೇ ಬೇಡ, ದೊಡ್ಡ ಫೈಲೊಂದನ್ನ ಕ್ಯಾಟ್ ಮಾಡಿದ್ರೆ (ಪರದೆ ಮೇಲೆ ಪೂರ್ತಿ ಸುರಿದ್ರೆ) ಕಣ್ಣಿಗೇ ಕಾಣುತ್ತೆ. ಇನ್‌ಸ್ಟಾಲ್ ಮಾತ್ರ ಒಂದು ಮೆಟ್ಟಿಲು ಜಾಸ್ತಿ: ಈಮ್ಯಾಕ್ಸ್‌ಗೆ ಮಾಡ್ಯೂಲ್ ಸಪೋರ್ಟ್ (ಸಿಯಲ್ಲಿ ಬರೆದ ಭಾಗ ಸೇರಿಸ್ಕೊಳ್ಳೋ ಸೌಲಭ್ಯ) ಇರಬೇಕು, ಸಿಮೇಕ್, ಲಿಬ್‌ಟೂಲ್, ಸಿ ಕಂಪೈಲರ್ ಇರಬೇಕು, ಮೊದಲ ಸಲ ಕಂಪೈಲ್ ಆಗುತ್ತೆ. ವಿಂಡೋಸ್‌ನಲ್ಲಿ ನೇರವಾಗಿ ನಡೆಯಲ್ಲ.

ಇನ್ನು ಕೀಗಳ ಜಗಳ. ಎಡಿಟರ್ ಒಳಗೆ ಟರ್ಮಿನಲ್ ಇಟ್ಟ ಯಾರಿಗೂ ಇದು ತಪ್ಪಿದ್ದಲ್ಲ. ಕಂಟ್ರೋಲ್-ಸಿ ಒತ್ತಿದ್ರೆ ಅದು ಈಮ್ಯಾಕ್ಸ್‌ಗೆ ಹೋಗ್ಬೇಕಾ, ಒಳಗೆ ಓಡ್ತಿರೋ ಪ್ರೋಗ್ರಾಂಗೆ ಹೋಗ್ಬೇಕಾ? ವಿಟರ್ಮ್ ಕೆಲವೇ ಕೀಗಳನ್ನ ಈಮ್ಯಾಕ್ಸ್‌ಗೆ ಇಟ್ಕೊಂಡು ಮಿಕ್ಕಿದ್ದೆಲ್ಲ ಶೆಲ್‌ಗೆ ಕಳಿಸುತ್ತೆ, ಕಂಟ್ರೋಲ್-ಸಿ ಎರಡು ಸಲ ಒತ್ತಿದ್ರೆ ಪ್ರೋಗ್ರಾಂ ನಿಲ್ಲುತ್ತೆ. ಒಂದು ವಾರ ಕಷ್ಟ, ಆಮೇಲೆ ಬೆರಳಿಗೇ ಗೊತ್ತಾಗುತ್ತೆ. ಆ ಪಟ್ಟಿಯನ್ನ ನಿಮಗೆ ಬೇಕಾದ ಹಾಗೆ ಬದಲಾಯಿಸ್ಕೋಬಹುದು, ಬದಲಾಯಿಸ್ಕೊಳ್ಳಿ ಕೂಡ, ನಿಮ್ಮ ಕೈ ಪಳಗಿರೋ ಕೀಗಳು ಶೆಲ್ ಪಾಲಾದ್ರೆ ದಿನವೆಲ್ಲಾ ಕಿರಿಕಿರಿ. ಔಟ್‌ಪುಟ್ಟಲ್ಲಿ ಕರ್ಸರ್ ಓಡಾಡಿಸೋಕೆ ಕಾಪಿ ಮೋಡ್ ಇದೆ, ಕಂಟ್ರೋಲ್-ಸಿ ಕಂಟ್ರೋಲ್-ಟಿ ಒತ್ತಿದ್ರೆ ಪರದೆ ಅಲ್ಲೇ ನಿಲ್ಲುತ್ತೆ, ಹುಡುಕಿ, ಗುರುತು ಹಾಕಿ, ಎಂಟರ್ ಒತ್ತಿದ್ರೆ ಕಾಪಿ ಆಗಿ ಮತ್ತೆ ಟರ್ಮಿನಲ್‌ಗೆ ಬರ್ತೀರ. ನನಗೆ ಇಡೀ ವಿಟರ್ಮ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ.

ಸೆಟ್ಟಿಂಗ್ ವಿಷಯದಲ್ಲಿ ಎರಡು ಕೆಲಸ ಮಾತ್ರ ಬಿಡಬೇಡಿ. ಮೇಲಕ್ಕೆ ಸರಿದ ಹಳೇ ಸಾಲುಗಳನ್ನ ವಿಟರ್ಮ್ 1000ಕ್ಕೇ ನಿಲ್ಲಿಸುತ್ತೆ, ಒಂದು ದೊಡ್ಡ ಬಿಲ್ಡ್‌ಗೂ ಅದು ಸಾಲಲ್ಲ, 1,00,000 ತನಕ ಏರಿಸಬಹುದು, ನಾನಂತೂ 10,000 ಇಟ್ಟಿದ್ದೀನಿ. ಎರಡನೇದು, ನಿಮ್ಮ ಬ್ಯಾಷ್ ಅಥವಾ ಝೆಡ್‌ಶೆಲ್ ಕಾನ್ಫಿಗ್‌ಗೆ ವಿಟರ್ಮ್ ಹೇಳೋ ಸಣ್ಣ ಕೋಡ್ ಸೇರಿಸಿ. ಸೇರಿಸದಿದ್ರೆ ನೀವು ಶೆಲ್‌ನಲ್ಲಿ ಬೇರೆ ಫೋಲ್ಡರ್‌ಗೆ ಹೋದದ್ದು ಈಮ್ಯಾಕ್ಸ್‌ಗೆ ಗೊತ್ತೇ ಆಗಲ್ಲ, ಫೈಲ್ ತೆಗೀರಿ ಅಂದ್ರೆ ಶುರುವಿನ ಫೋಲ್ಡರ್‌ನಲ್ಲೇ ಹುಡುಕ್ತಾ ಕೂರುತ್ತೆ. ಸೇರಿಸಿದ್ರೆ ಒಂದು ಪ್ರಾಂಪ್ಟ್‌ನಿಂದ (ಕಮಾಂಡ್ ಬರೆಯೋ ಸಾಲು) ಇನ್ನೊಂದಕ್ಕೆ ಹಾರೋದೂ ಬರುತ್ತೆ. ಶೆಲ್‌ನಿಂದ ಈಮ್ಯಾಕ್ಸ್ ಫಂಕ್ಷನ್ ಕರೆಯೋ ಸೌಲಭ್ಯಾನೂ ಇದೆ, ಆದ್ರೆ ಪಟ್ಟಿಯಲ್ಲಿ ಅನುಮತಿ ಕೊಟ್ಟ ಫಂಕ್ಷನ್ ಮಾತ್ರ ನಡೆಯುತ್ತೆ. ಅದು ಸರಿಯಾದ ನಿರ್ಧಾರ, ಯಾಕಂದ್ರೆ ಎಲ್ಲಿಂದಲೋ ಇಳಿಸಿದ ಫೈಲನ್ನ ಕ್ಯಾಟ್ ಮಾಡಿದಾಗ ಅದರೊಳಗೆ ಅಡಗಿರೋ ಕೋಡು ನಿಮ್ಮ ಎಡಿಟರ್‌ಗೆ ಆಜ್ಞೆ ಕೊಡೋ ಹಾಗೆ ಆಗಬಾರದು. ಆ ಪಟ್ಟಿಗೆ ಸಿಕ್ಕಿದ್ದೆಲ್ಲಾ ಸೇರಿಸೋಕೆ ಹೋಗ್ಬೇಡಿ.

ಕೋಡ್ ಬದಲಾವಣೆ ದಾಖಲಿಸೋ ಗಿಟ್ ಕಮಿಟ್ ಹೊಡೆದಾಗ ಸಂದೇಶ ಬರೆಯೋಕೆ ಟರ್ಮಿನಲ್ ಒಳಗೆ ಮತ್ತೊಂದು ಎಡಿಟರ್ ತೆರೆದುಕೊಳ್ಳುತ್ತೆ, ಅದೊಂಥರಾ ಹಿಂಸೆ. ಈಮ್ಯಾಕ್ಸ್ ಸರ್ವರ್ ಶುರು ಮಾಡಿ, ಶೆಲ್‌ನ ಎಡಿಟರ್ ವೇರಿಯಬಲ್‌ಗೆ ಈಮ್ಯಾಕ್ಸ್‌ಕ್ಲೈಂಟ್ ಕೊಡಿ, ಸಂದೇಶ ಬರೆಯೋ ಬಫರ್ ನೀವಿರೋ ಈಮ್ಯಾಕ್ಸ್‌ನಲ್ಲೇ ಬರುತ್ತೆ.

ಕೊರತೆ ಇಲ್ವಾ ಅಂದ್ರೆ ಇದೆ. ಔಟ್‌ಪುಟ್ಟನ್ನ ಬಫರ್‌ಗೆ ಬರೆಯೋದು ಈಮ್ಯಾಕ್ಸ್‌ನ ಮುಖ್ಯ ಥ್ರೆಡ್ಡಲ್ಲೇ, ಹಾಗಾಗಿ ಎಡಿಟರ್ ಯಾವುದಾದ್ರೂ ಭಾರೀ ಕೆಲಸದಲ್ಲಿ ಸಿಕ್ಕಿಹಾಕ್ಕೊಂಡ್ರೆ ಟರ್ಮಿನಲ್ಲೂ ನಿಲ್ಲುತ್ತೆ, ಎಡಿಟರ್ ಸತ್ರೆ ಒಳಗೆ ಓಡ್ತಿದ್ದದ್ದೂ ಹೋಗುತ್ತೆ. ಗಂಟೆಗಟ್ಟಲೆ ಓಡೋ ಕೆಲಸ ಇದ್ರೆ ವಿಟರ್ಮ್ ಒಳಗೇ ಟಿಮಕ್ಸ್ (ಟರ್ಮಿನಲ್ ಮುಚ್ಚಿದ್ರೂ ಕೆಲಸ ಉಳಿಸೋ ಪ್ರೋಗ್ರಾಂ) ಹಾಕಿ ಓಡಿಸಿ, ಆಗ ಈಮ್ಯಾಕ್ಸ್ ಬಿದ್ರೂ ಕೆಲಸ ನಡೀತಿರುತ್ತೆ. ಕನ್ನಡ ಅಕ್ಷರದ ಫೈಲ್ ಹೆಸರುಗಳೂ ಒಂದು ತಲೆನೋವು. ಟರ್ಮಿನಲ್ ಅನ್ನೋದು ಸಮ ಅಗಲದ ಮನೆಗಳ ಲೆಕ್ಕದಲ್ಲಿ ನಡೆಯುತ್ತೆ, ಒತ್ತಕ್ಷರ, ಗುಣಿತಾಕ್ಷರ ಆ ಲೆಕ್ಕಕ್ಕೆ ಕೂರಲ್ಲ, ಸಾಲಿನ ಮಧ್ಯೆ ತಿದ್ದೋಕೆ ಹೋದ್ರೆ ಕರ್ಸರ್ ಎಲ್ಲೋ, ಅಕ್ಷರ ಎಲ್ಲೋ. ಇದು ವಿಟರ್ಮ್ ಒಂದರ ತಪ್ಪಲ್ಲ, ಆದ್ರೂ ನಮಗೆ ಬೇಜಾರೇ.

ಕಂಪೈಲ್ ಗೋಜು ಬೇಡ ಅನ್ನೋರು ಈಟ್ ಅನ್ನೋ ಪ್ಯಾಕೇಜ್ ನೋಡಿ. ಪೂರ್ತಿ ಲಿಸ್ಪ್‌ನಲ್ಲೇ ಇದೆ, ಆದ್ರೂ ಆನ್ಸಿ-ಟರ್ಮ್‌ಗಿಂತ ಚುರುಕು, ವಿಟರ್ಮ್‌ಗಿಂತ ಸ್ವಲ್ಪ ಹಿಂದೆ, ಮತ್ತೆ ಈಶೆಲ್ ಒಳಗೇ ಕೂತು ಅದಕ್ಕೆ ನಿಜವಾದ ಟರ್ಮಿನಲ್ ಶಕ್ತಿ ಕೊಡುತ್ತೆ. ಈಶೆಲ್ ಇಷ್ಟಪಡೋರಿಗೆ ನಾನು ಮೊದಲು ಹೇಳೋದು ಅದನ್ನೇ, ದಿನವಿಡೀ ಉದ್ದುದ್ದ ಲಾಗ್ ನೋಡೋರಿಗೆ ವಿಟರ್ಮ್.