ಅಮೆರಿಕದ ಸ್ಪೆಷಾಲಿಟಿ ಫಾರ್ಮಸಿ: ಡಬ್ಬಿ ತಲುಪಿತು ಸರಿ, ರೋಗ ತಗ್ಗಿತೇ?

ಸಂಧಿವಾತ, ಕ್ರೋನ್ಸ್, ಹೆಪಟೈಟಿಸ್ ಸಿ, ರಕ್ತದ ಕ್ಯಾನ್ಸರ್ ಇಂಥವಕ್ಕೆ ಬರೆದುಕೊಡುವ ದುಬಾರಿ ಔಷಧಿ ಅಮೆರಿಕದಲ್ಲಿ ಮಾಮೂಲಿ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದು ಕಡಿಮೆ. ಅಕ್ರೆಡೊ, ಸಿವಿಎಸ್ ಸ್ಪೆಷಾಲಿಟಿ, ಆಪ್ಟಮ್‌ನಂಥ ದೊಡ್ಡ ಕಂಪನಿಗಳೋ, ವ್ಯಾಂಡರ್‌ಬಿಲ್ಟ್‌ನಂಥ ಆಸ್ಪತ್ರೆಗಳ ಸ್ವಂತ ಫಾರ್ಮಸಿಗಳೋ ಅದನ್ನು ಮನೆಗೆ ಕಳಿಸುತ್ತವೆ. "ನಮ್ಮ ರೋಗಿಗಳು ಡೋಸ್ ತಪ್ಪಿಸುವುದಿಲ್ಲ" ಎನ್ನುವುದು ಈ ವ್ಯಾಪಾರದ ಮುಖ್ಯ ಪ್ರಚಾರ. ಅಳತೆ ಹೇಗೆ ಎಂದು ಕೆದಕಿದರೆ ಮೆಚ್ಚುವಂಥದ್ದೂ ಇದೆ, ಕಣ್ಕಟ್ಟೂ ಇದೆ.

ಎಲ್ಲರೂ ತೋರಿಸುವ ಅಂಕಿ ಪಿಡಿಸಿ. ಔಷಧಿ ಕೈಯಲ್ಲಿದ್ದ ದಿನಗಳು ಒಟ್ಟು ದಿನಗಳಲ್ಲಿ ಶೇಕಡಾ ಎಷ್ಟು ಅನ್ನುವ ಲೆಕ್ಕ ಅಷ್ಟೆ. ಸಾಮಾನ್ಯವಾಗಿ ಶೇ 80 ಮುಟ್ಟಿದರೆ ಪಾಸು, ಎಚ್‌ಐವಿ ಔಷಧಿಗೆ ಶೇ 90 ಬೇಕು. ಸಂಧಿವಾತಕ್ಕೆ ಪೆನ್ನಿನಂಥ ಸಿರಿಂಜ್‌ನಿಂದ ಚುಚ್ಚಿಕೊಳ್ಳುವ ಹ್ಯುಮಿರಾ ತಗೊಳ್ಳಿ: ಎರಡು ಪೆನ್ನಿನ ಡಬ್ಬಿ 28 ದಿನಕ್ಕೆ. 200 ದಿನದಲ್ಲಿ ಆರು ಡಬ್ಬಿ ಹೋದರೆ 168 ದಿನ, ಅಂದರೆ ಶೇ 84. ಉಳಿದ 32 ದಿನ ಅಲ್ಲಿಷ್ಟು ಇಲ್ಲಿಷ್ಟು ತಡವಾಗಿ ಸೇರಿದ್ದೋ, ಸಾಲಾಗಿ ಎರಡು ಡೋಸ್ ತಪ್ಪಿಹೋದದ್ದೋ, ಲೆಕ್ಕಕ್ಕೆ ಎರಡೂ ಒಂದೇ. ಗಂಟು ಊದಿಕೊಳ್ಳುವುದು ಎರಡನೆಯದರಲ್ಲಿ. ಉಲ್ಟಾ ಕೂಡ ಆಗುತ್ತದೆ. ನ್ಯುಮೋನಿಯಾ ಬಂತೆಂದು ವೈದ್ಯರೇ ಇಂಜೆಕ್ಷನ್ ನಿಲ್ಲಿಸಿದರೆ ಅದು ಸರಿಯಾದ ಚಿಕಿತ್ಸೆ, ಆದರೆ ಪಿಡಿಸಿ ಕುಸಿಯುತ್ತದೆ. ಆಟೋ ರೀಫಿಲ್ ಹಾಕಿ ಪೆನ್ನುಗಳನ್ನು ಫ್ರಿಜ್‌ನಲ್ಲಿ ಪೇರಿಸಿಟ್ಟವರಿಗೆ ನೂರಕ್ಕೆ ನೂರು! ಕೊಟ್ಟ ಔಷಧಿಯ ದಿನಗಳನ್ನೆಲ್ಲ ಸುಮ್ಮನೆ ಕೂಡಿಸುವ ಹಳೆಯ ಎಂಪಿಆರ್ ಲೆಕ್ಕ ಇನ್ನೂ ಮೋಸದ್ದು. ಬೇಗ ಬೇಗ ತರಿಸಿಕೊಂಡರೆ ಅದು ಶೇ 100 ದಾಟಿಬಿಡುತ್ತದೆ.

ಹಾಗಾಗಿ ಫಾರ್ಮಸಿ ಎಷ್ಟು ಒಳ್ಳೆಯದು ಅನ್ನುವುದು ಗೊತ್ತಾಗುವುದು ಔಷಧಿ ಮುಗಿಯುವ ವಾರ ಹತ್ತು ದಿನ ಮುಂಚೆ ಬರುವ ರೀಫಿಲ್ ಕರೆಯಲ್ಲಿ. "ಡೋಸ್ ತಪ್ಪಿಸಿದ್ದೀರಾ?" ಎಂದರೆ ಯಾರಾದರೂ "ಇಲ್ಲ" ಅನ್ನುತ್ತಾರೆ. ಪಳಗಿದವರು ಕೇಳುವುದೇ ಬೇರೆ: "ಈಗ ಫ್ರಿಜ್‌ನಲ್ಲಿ ಎಷ್ಟು ಪೆನ್ ಇವೆ? ಕೊನೆಯದನ್ನು ಯಾವತ್ತು ಚುಚ್ಚಿಕೊಂಡಿರಿ?" ಲೆಕ್ಕಕ್ಕಿಂತ ಒಂದು ಪೆನ್ ಜಾಸ್ತಿ ಇದ್ದರೆ ಅಲ್ಲಿಗೆ ಉತ್ತರ ಸಿಕ್ಕಂತೆ. ಆಮೇಲೆ ಕಾರಣ ಹಿಡಿಯಬೇಕು: ಚುಚ್ಚಲು ಭಯವೇ, ಸೋಂಕೇ, ರೋಗಿಯ ಪಾಲಿನ ಹಣಕ್ಕೆ ಔಷಧಿ ಕಂಪನಿ ಕೊಡುವ ಕೋಪೇ ಕಾರ್ಡಿನ ದುಡ್ಡು ಮುಗಿಯಿತೇ, ಡೆಲಿವರಿ ತಡವಾಯಿತೇ? ಕಾರಣವನ್ನು ಗುರುತು ಹಾಕಿಕೊಂಡು ಫಾರ್ಮಸಿಸ್ಟ್‌ಗೆ ದಾಟಿಸಿದರೆ ಮಾತ್ರ ಮುಂದಿನ ತಿಂಗಳು ಏನಾದರೂ ಬದಲಾಗುತ್ತದೆ. ವಿಳಾಸ ಖಚಿತಪಡಿಸಿಕೊಂಡು ಫೋನ್ ಇಡುವ ಕಾಲ್ ಸೆಂಟರ್ ಕೊರಿಯರ್ ಆಫೀಸಿಗಿಂತ ಹೆಚ್ಚಿನದಲ್ಲ.

ಫಲಿತಾಂಶ ಅನ್ನುವುದು ಸ್ಪಷ್ಟವಾಗಿ ಕಾಣುವುದು ಹೆಪಟೈಟಿಸ್ ಸಿಯಲ್ಲಿ. ಎಪ್‌ಕ್ಲುಸಾ 12 ವಾರ, ಮೇವಿರೆಟ್ ಹೆಚ್ಚಿನವರಿಗೆ 8 ವಾರ. ಕೋರ್ಸ್ ಮುಗಿದ 12 ವಾರಕ್ಕೆ ರಕ್ತದಲ್ಲಿ ವೈರಸ್ ಕಾಣದಿದ್ದರೆ ಗುಣವಾಯಿತು ಎಂದೇ ಅರ್ಥ. ಫಾರ್ಮಸಿಸ್ಟ್ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತಾರೆ. ಎಪ್‌ಕ್ಲುಸಾ ಮೈಗೆ ಹತ್ತಲು ಹೊಟ್ಟೆಯಲ್ಲಿ ಆಮ್ಲ ಬೇಕು, ಗ್ಯಾಸ್ಟ್ರಿಕ್‌ಗೆ ನುಂಗುವ ಓಮೆಪ್ರಜೋಲ್ ಅದಕ್ಕೇ ಅಡ್ಡಗಾಲು. ಜೊತೆಗೆ ತೆಗೆದುಕೊಳ್ಳದಿರುವುದೇ ಒಳ್ಳೆಯದು. ಬೇಕೇ ಬೇಕಾದರೆ ಊಟದ ಜೊತೆ ಎಪ್‌ಕ್ಲುಸಾ, ನಾಲ್ಕು ಗಂಟೆ ಬಿಟ್ಟು 20 ಮಿಲಿಗ್ರಾಂ ಓಮೆಪ್ರಜೋಲ್. ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಈ ಮಾತ್ರೆ ಯಾವ ದಾಖಲೆಯಲ್ಲೂ ಇರುವುದಿಲ್ಲ, ಬಾಯಿಬಿಟ್ಟು ಕೇಳಿದರಷ್ಟೇ ತಿಳಿಯುವುದು.

ಆದರೂ ಗುಣವಾದವರ ಶೇಕಡಾವಾರು ತೋರಿಸಿದಾಗ ಛೇದ ನೋಡಿ. ನೂರು ಜನ ಶುರು ಮಾಡಿದರು, ಎಂಬತ್ತು ಜನ ಕೊನೆಯ ರಕ್ತಪರೀಕ್ಷೆಗೆ ಬಂದರು, ಎಪ್ಪತ್ತೆಂಟು ಜನರಿಗೆ ವಾಸಿಯಾಗಿತ್ತು ಎಂದುಕೊಳ್ಳಿ. ಬಂದವರನ್ನಷ್ಟೇ ಎಣಿಸಿದರೆ ಶೇ 97.5, ಎಲ್ಲರನ್ನೂ ಎಣಿಸಿದರೆ ಶೇ 78. ಕೊನೆಯ ಬಾಟಲಿ ಕಳಿಸಿದ ಮೇಲೂ ಮೂರು ತಿಂಗಳು ಬೆನ್ನುಹತ್ತಿ ರಕ್ತ ಕೊಡಿಸುವ ಫಾರ್ಮಸಿಗೆ ಅದರಿಂದ ಒಂದು ಡಾಲರ್ ಹುಟ್ಟುವುದಿಲ್ಲ. ಆ ಕೆಲಸ ಮಾಡುವವರನ್ನು ನಂಬಬಹುದು.

ಫಾರ್ಮಸಿಗಳು ತಾವೇ ನಡೆಸುವ ಹೋಲಿಕೆ ಅಧ್ಯಯನಗಳನ್ನೂ ಇದೇ ಅನುಮಾನದಿಂದ ಓದಬೇಕು. ಕಾರ್ಯಕ್ರಮಕ್ಕೆ ಸೇರಿದವರು, ಸೇರದವರು ಎಂದು ಎರಡು ಗುಂಪು ಮಾಡಿದರೆ, ಫೋನ್ ಎತ್ತುವವರು ಮೊದಲೇ ಶಿಸ್ತಿನವರು. "ಆರು ತಿಂಗಳು ಔಷಧಿ ತರಿಸಿಕೊಂಡವರು" ಎಂಬ ಷರತ್ತು ಹಾಕಿದರೆ ಎರಡನೇ ತಿಂಗಳಲ್ಲೇ ಮೈಯೆಲ್ಲ ಗಂದೆ ಎದ್ದು ಬಿಟ್ಟವರು ಲೆಕ್ಕದಿಂದ ಹೊರಗೆ. ಇನ್ನು ವಿಮೆಯ ಪೂರ್ವಾನುಮತಿ ಸಿಗದೆ ಒಂದು ಡೋಸೂ ಕಾಣದವರು? ಪಿಡಿಸಿ ಶುರುವಾಗುವುದೇ ಮೊದಲ ಡಬ್ಬಿಯಿಂದ, ಅವರು ಲೆಕ್ಕಕ್ಕೇ ಇಲ್ಲ. ಚೀಟಿ ಬಂದ ದಿನದಿಂದ ಮೊದಲ ಡೋಸ್‌ವರೆಗೆ ಎಷ್ಟು ದಿನ ಹಿಡಿಯಿತು ಅನ್ನುವುದನ್ನೂ ಕೇಳಿ.

ಆಸ್ಪತ್ರೆಯ ಫಾರ್ಮಸಿಗೆ ಇಲ್ಲೆಲ್ಲ ಒಂದು ಅನುಕೂಲ ಇದೆ: ರೋಗಿಯ ಕಡತ ಕಣ್ಣೆದುರಿಗೇ ಇರುತ್ತದೆ. ರಕ್ತದ ಕ್ಯಾನ್ಸರಿನ ಮಾತ್ರೆ ಇಮ್ಯಾಟಿನಿಬ್ ಶುರುವಾದ ಮೂರು ತಿಂಗಳಿಗೆ ರೋಗದ ಪ್ರಮಾಣ ತೋರಿಸುವ ಬಿಸಿಆರ್-ಎಬಿಎಲ್ ಶೇ 10ಕ್ಕೆ ಇಳಿಯಿತೇ, ಸಂಧಿವಾತದವರ ನೋವು, ಓಡಾಟ ಅಳೆಯುವ ರ್‍ಯಾಪಿಡ್3 ಅಂಕ 12ಕ್ಕಿಂತ ಮೇಲಿನಿಂದ 6ರ ಕೆಳಗೆ ಬಂತೇ ಎಂದು ಅಲ್ಲೇ ನೋಡಿ, ವೈದ್ಯರಿಗೆ ಅಲ್ಲೇ ಬರೆಯಬಹುದು. ದೂರದ ಅಂಚೆ ಫಾರ್ಮಸಿ ಬಹುಮಟ್ಟಿಗೆ ರೋಗಿ ಹೇಳಿದ್ದನ್ನೇ ನಂಬಬೇಕು. ಆದರೆ ಆಯ್ಕೆ ಸಾಮಾನ್ಯವಾಗಿ ನಿಮ್ಮ ಕೈಯಲ್ಲಿಲ್ಲ. ವಿಮೆಯ ಪರವಾಗಿ ಔಷಧಿ ವ್ಯವಹಾರ ನೋಡಿಕೊಳ್ಳುವ ಮಧ್ಯವರ್ತಿ ಕಂಪನಿ, ಅಂದರೆ ಪಿಬಿಎಂ, ತನ್ನದೇ ಫಾರ್ಮಸಿಗೆ ತಳ್ಳುತ್ತದೆ. ಮೂರು ದೊಡ್ಡ ಪಿಬಿಎಂಗಳ ಫಾರ್ಮಸಿಗಳು 2017ರಿಂದ 2022ರವರೆಗೆ ಸ್ಪೆಷಾಲಿಟಿ ಜೆನರಿಕ್‌ಗಳ ಮೇಲೆ ಅಂದಾಜು ಖರೀದಿ ದರಕ್ಕಿಂತ 730 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದವು ಎಂದು ಅಲ್ಲಿನ ವ್ಯಾಪಾರ ನಿಗಾ ಸಂಸ್ಥೆ ಎಫ್‌ಟಿಸಿ 2025ರ ಜನವರಿಯಲ್ಲಿ ವರದಿ ಮಾಡಿತು. ಇಷ್ಟು ದುಡ್ಡಿಗೆ ರಕ್ತಪರೀಕ್ಷೆಯ ಫಲಿತಾಂಶ ತರಿಸಿಕೊಳ್ಳುವ ವ್ಯವಸ್ಥೆಯನ್ನಾದರೂ ಕೇಳಬಹುದಲ್ಲವೇ?

ಬ್ರ್ಯಾಂಡ್ ಬದಲಾದ ತಿಂಗಳು ಎಚ್ಚರ. ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್‌ನ ಹ್ಯುಲಿಯೊ ಸೇರಿ ಹ್ಯುಮಿರಾದ ಹಲವು ಬಯೋಸಿಮಿಲರ್‌ಗಳು (ಬೇರೆ ಕಂಪನಿಗಳು ಅದರಂತೆಯೇ ತಯಾರಿಸಿದ ಔಷಧಿಗಳು) 2023ರ ಜುಲೈನಲ್ಲಿ ಅಲ್ಲಿನ ಮಾರುಕಟ್ಟೆಗೆ ಬಂದವು. ಔಷಧಿಯ ಕೆಲಸ ಅದೇ ಆದರೂ ಪೆನ್ನಿನ ಮುಚ್ಚಳ, ಗುಂಡಿ, ಒತ್ತಿ ಹಿಡಿಯುವ ಸಮಯ ಬೇರೆ. ಬೇಗ ಎತ್ತಿಬಿಟ್ಟರೆ ಔಷಧಿ ಚರ್ಮದ ಮೇಲೆ ಸುರಿದು ಹೋಗುತ್ತದೆ, ದಾಖಲೆಯಲ್ಲಿ ಮಾತ್ರ ಡೋಸ್ ಆಗಿರುತ್ತದೆ. ಬದಲಾದ ಮೊದಲ ಡಬ್ಬಿಗೇ ಫಾರ್ಮಸಿಸ್ಟ್ ಕರೆ ಮಾಡದಿದ್ದರೆ ನೀವೇ ಮಾಡಿ, ವಿಡಿಯೊದಲ್ಲಿ ತೋರಿಸಲು ಹೇಳಿ.

ಊರಿಗೆ ಹೊರಟಿರುವ ಕನ್ನಡಿಗರಿಗೆ: ಆರು ವಾರದ ರಜೆಗೆ ಔಷಧಿ ಮುಂಚಿತವಾಗಿ ಕೊಡಲು ವಿಮೆಯ ವಿಶೇಷ ಅನುಮತಿ, ಅಂದರೆ ವೆಕೇಶನ್ ಓವರ್‌ರೈಡ್ ಬೇಕು, ಮೂರು ವಾರ ಮುಂಚೆಯೇ ಕೇಳಿ. ಹ್ಯುಮಿರಾ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. 25 ಡಿಗ್ರಿ ಮೀರದ ಜಾಗದಲ್ಲಿ, ಬೆಳಕು ತಾಗದಂತೆ 14 ದಿನ ಇಡಬಹುದು, ಅದಾದ ಮೇಲೆ ಎಸೆಯಬೇಕು. ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವಂತಿಲ್ಲ, ಆದ್ದರಿಂದ ಐಸ್ ಜೆಲ್ ಪೆನ್ನಿಗೆ ನೇರ ತಾಗದಿರಲಿ. ಚೆಕ್-ಇನ್ ಲಗೇಜಿಗೆ ಹಾಕಬೇಡಿ. ಭಾರತದಲ್ಲೇ ಡೋಸ್ ಕೊಂಡರೆ ಬಿಲ್ ಇಟ್ಟುಕೊಂಡು ಫಾರ್ಮಸಿಗೆ ತಿಳಿಸಿ. ಇಲ್ಲದಿದ್ದರೆ ಅವರ ಪುಸ್ತಕದಲ್ಲಿ ನೀವು ಔಷಧಿ ಬಿಟ್ಟವರು, ಮುಂದಿನ ಭೇಟಿಯಲ್ಲಿ ವೈದ್ಯರು ನೋಡುವುದೂ ಅದನ್ನೇ.