ಸಿಡ್ನಿಯ ಹಂಚು, ದಾವಣಗೆರೆಯ ದೋಸೆ

ಈ ಹಳೆಯ ಬೀಡಿನ ಹಂಚಿಗೆ ನಾನು ಕೊಟ್ಟಿದ್ದು 8 ಡಾಲರ್. ತಂದು ಎರಡು ವರ್ಷವಾಯಿತು. ವಾರದಲ್ಲಿ ನಾಲ್ಕು ದಿನವಾದರೂ ಇದರ ಮೇಲೆ ದೋಸೆ ಆಗುತ್ತದೆ. ಇಷ್ಟು ಬಳಸಿದ ಮೇಲೆ ಇದರ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನಿಸಿತು. ಅಮೆರಿಕಕ್ಕೆ ಹೊಸದಾಗಿ ಬಂದು, ನಾನ್‌ಸ್ಟಿಕ್ ತವಾದ ಬಿಳಚಿದ ದೋಸೆ ತಿಂದು ಬೇಸತ್ತವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ನಾವಿರುವುದು ಓಹಾಯೋ ರಾಜ್ಯದ ಡೇಟನ್ ಹತ್ತಿರ. ನನ್ನ ಊರು ದಾವಣಗೆರೆ. ಊರಿನ ಹೆಸರು ಹೇಳಿದ ಮೇಲೆ ದೋಸೆ ನನಗೆ ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಿಲ್ಲ. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಹಾಕಿಯೇ ರುಬ್ಬುತ್ತೇನೆ. ಬೆಣ್ಣೆಗೆ ಕೈ ಹಿಡಿಯುವುದಿಲ್ಲ. ಆದರೂ ಇಲ್ಲಿಗೆ ಬಂದ ಮೊದಲ ಮೂರು ವರ್ಷ ಒಂದು ದೋಸೆಯೂ ಮನಸ್ಸಿಗೆ ಬರಲಿಲ್ಲ. ನಾನ್‌ಸ್ಟಿಕ್ ಮೇಲೆ ಹಿಟ್ಟು ಹಿಡಿಯುವುದೇ ಇಲ್ಲ. ಸೌಟು ತಿರುಗಿಸಿದರೆ ಹಿಟ್ಟೂ ಸೌಟಿನ ಜೊತೆ ಎದ್ದು ಬರುತ್ತದೆ. ಬೀಡಿನ ಹಂಚು ಹೊಸದೊಂದು ಕೊಂಡೆ. ಅದರ ಮೈ ಮರಳು ಮರಳು. ಈಗಿನವನ್ನು ಅಚ್ಚಿನಿಂದ ತೆಗೆದು ಹೆಚ್ಚುಕಮ್ಮಿ ಹಾಗೆಯೇ ಮಾರುತ್ತಾರೆ. ಹಿಂದಿನವರು ಎರಕ ಹೊಯ್ದ ಮೇಲೆ ಒಳಮೈಯನ್ನು ಉಜ್ಜಿ ನುಣುಪು ಮಾಡುತ್ತಿದ್ದರು. ಇದು ಗೊತ್ತಾದ ದಿನದಿಂದ ಹಳೆಯದನ್ನೇ ಹುಡುಕಲು ಶುರು ಮಾಡಿದೆ.

ಮೊದಲು ಹೋಗಿದ್ದು ಗುಡ್‌ವಿಲ್‌ಗೆ. ಜನ ದಾನ ಕೊಟ್ಟ ಬಟ್ಟೆ, ಪಾತ್ರೆ, ಪುಸ್ತಕ, ಕುರ್ಚಿ ಎಲ್ಲ ಅಲ್ಲಿ ಸಿಗುತ್ತದೆ. 1902ರಲ್ಲಿ ಬಾಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಇದನ್ನು ಶುರು ಮಾಡಿದರು. ಉಳ್ಳವರ ಮನೆಯಿಂದ ಹಳೆ ಸಾಮಾನು ತಂದು, ಕೆಲಸ ಇಲ್ಲದವರಿಂದ ರಿಪೇರಿ ಮಾಡಿಸಿ, ಮಾರಿ, ಅವರಿಗೆ ಕೂಲಿ ಕೊಡುತ್ತಿದ್ದರು. ಈಗಲೂ ಅಂಗಡಿಯ ಹಣ ಜನರಿಗೆ ಕೆಲಸ ಕಲಿಸುವುದಕ್ಕೆ ಹೋಗುತ್ತದೆ. ಇದು ನನಗೆ ತುಂಬಾ ಇಷ್ಟವಾದ ವಿಷಯ. ಬೆಲೆ ಚೀಟಿಗೆ ಬಣ್ಣ ಇರುತ್ತದೆ. ಬಹಳ ಕಡೆ ವಾರಕ್ಕೊಂದು ಬಣ್ಣದ ಚೀಟಿಗೆ ಅರ್ಧ ಬೆಲೆ. ಆ ವಾರದ ಬಣ್ಣ ಯಾವುದು ಅಂತ ಬಾಗಿಲಲ್ಲೇ ನೋಡಿಕೊಂಡು ಒಳಗೆ ಹೋಗಿ. ಮಕ್ಕಳ ಚಳಿಗಾಲದ ಕೋಟುಗಳನ್ನು ನಾನು ಬೇರೆಲ್ಲೂ ಕೊಳ್ಳುವುದಿಲ್ಲ. ಒಂದು ವರ್ಷಕ್ಕೆ ಚಿಕ್ಕದಾಗುವ ಕೋಟಿಗೆ ಯಾಕೆ ಅಷ್ಟು ದುಡ್ಡು, ಅಲ್ವಾ?

ಒಂದು ಸಲ ಅಲ್ಲಿನ ಪಾತ್ರೆಗಳ ನಡುವೆ ಒಂದು ಸ್ಟೀಲ್ ಲೋಟ ಸಿಕ್ಕಿತು. ನಮ್ಮ ಕಡೆಯ ಲೋಟ, ಅಂಚು ಹೊರಗೆ ಬಾಗಿದ್ದು. ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿತ್ತು, ತೆಲುಗಿನಲ್ಲಿ. ಮದುವೆಗೋ ಗೃಹಪ್ರವೇಶಕ್ಕೋ ಯಾರೋ ಕೆತ್ತಿಸಿ ಕೊಟ್ಟಿದ್ದು. ಎಲ್ಲಿಂದ ಎಲ್ಲಿಗೆ ಬಂತು ನೋಡಿ. 99 ಸೆಂಟ್ ಕೊಟ್ಟು ತಂದೆ. ದಿನಾ ಅದರಲ್ಲೇ ಕಾಫಿ ಕುಡಿಯುತ್ತೇನೆ.

ಆದರೆ ಹಂಚು ಮಾತ್ರ ಗುಡ್‌ವಿಲ್‌ನಲ್ಲಿ ಸಿಗಲಿಲ್ಲ. ಬೀಡಿನ ಸಾಮಾನು ಕಪಾಟಿಗೆ ಬಂದ ಕೂಡಲೇ ಕೊಂಡು ಮತ್ತೆ ಮಾರುವವರು ಎತ್ತಿಕೊಂಡು ಹೋಗುತ್ತಾರೆ. ಅದಕ್ಕೆ ಗ್ಯಾರೇಜ್ ಸೇಲ್ ವಾಸಿ, ಅಂದರೆ ಜನ ತಮ್ಮ ಹಳೆ ಸಾಮಾನನ್ನು ಮನೆ ಮುಂದೆಯೇ ಹರವಿ ಮಾರುವುದು. ಇಲ್ಲಿ ಹಿಮ ಕರಗಿ ಬಿಸಿಲು ಬಂದ ಮೇಲೆ ಅಕ್ಟೋಬರ್‌ವರೆಗೂ ಶನಿವಾರ ಬೆಳಿಗ್ಗೆ ಬೀದಿ ಬೀದಿಯಲ್ಲಿ ನಡೆಯುತ್ತವೆ. ಕಂಬಕ್ಕೆ ರಟ್ಟು ಕಟ್ಟಿ ಬಾಣದ ಗುರುತು ಹಾಕಿರುತ್ತಾರೆ. ಅದನ್ನು ಹಿಡಿದು ಹೋದರೆ ಆಯಿತು. ಚೌಕಾಸಿಗೂ ಜಾಗ ಇದೆ. ಗುಡ್‌ವಿಲ್‌ನಲ್ಲಿ ಚೀಟಿಯಲ್ಲಿ ಬರೆದದ್ದೇ ಬೆಲೆ.

ಮೇ ತಿಂಗಳ ಒಂದು ಶನಿವಾರ, ಏಳೂವರೆ ಗಂಟೆ. ಟ್ರಾಯ್ ಊರಿನ ಕಡೆ ಒಂದು ಮನೆ. ಮೇಜಿನ ಕೆಳಗೆ ರಟ್ಟಿನ ಡಬ್ಬಿ. ಅದರಲ್ಲಿ ಮೊಳೆ, ಸ್ಕ್ರೂ, ಒಂದು ಸುತ್ತಿಗೆ. ಎಲ್ಲದರ ಅಡಿಯಲ್ಲಿ ಕಪ್ಪಗೆ ದುಂಡಗಿನ ಒಂದು ತುಂಡು. ಎತ್ತಿದೆ. ಕೈಗೆ ಭಾರ ಸಿಕ್ಕಿತು, ಆದರೆ ಹೊಸ ಹಂಚಿನಷ್ಟಲ್ಲ. ಹಳೆಯವು ಸ್ವಲ್ಪ ತೆಳ್ಳಗಿರುತ್ತವೆ. ಅಂಚು ಬೆರಳಿನ ಅರ್ಧದಷ್ಟೂ ಎತ್ತರ ಇಲ್ಲ. ದೋಸೆ ಎಬ್ಬಿಸಲು ಹೇಳಿ ಮಾಡಿಸಿದ ಹಾಗೆ. ಹಿಂದೆ ಜಿಡ್ಡು ಕೆರೆದು ನೋಡಿದರೆ ಅಕ್ಷರ ಕಂಡಿತು: ವ್ಯಾಗ್ನರ್ ವೇರ್, ಸಿಡ್ನಿ, ಓ.

ಸಿಡ್ನಿ ಅಂದರೆ ಆಸ್ಟ್ರೇಲಿಯಾದ್ದಲ್ಲ. ಓ ಅಂದರೆ ಓಹಾಯೋ. ನಮ್ಮ ಮನೆಯಿಂದ 75ನೇ ಹೈವೇಯಲ್ಲಿ ಉತ್ತರಕ್ಕೆ ಹೋದರೆ ಒಂದು ಗಂಟೆಯೊಳಗೆ ಸಿಗುವ ಊರು. 1891ರಲ್ಲಿ ಅಲ್ಲಿ ವ್ಯಾಗ್ನರ್ ಕಂಪನಿ ಶುರುವಾಯಿತು. ಹಂಚಿನ ಬೆನ್ನಲ್ಲಿ ಮೇಡ್ ಇನ್ ಯುಎಸ್‌ಎ ಅಂತ ಅಚ್ಚು ಇಲ್ಲದ್ದು ಸಾಮಾನ್ಯವಾಗಿ 1960ಕ್ಕಿಂತ ಮುಂಚಿನದು. ನನ್ನದರಲ್ಲಿ ಇಲ್ಲ.

ಕೊಳ್ಳುವ ಮುಂಚೆ ಎರಡು ಕೆಲಸ ಮಾಡಿದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅವ್ವ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿ ಕೊಡುತ್ತಿದ್ದಳು. ಹಾಗೆಯೇ ಹಿಡಿ ಹಿಡಿದು ನೇತಾಡಿಸಿ ಕುಟ್ಟಿದೆ. ಟಣ್ ಅಂತ ಎಳೆದುಕೊಂಡು ಸದ್ದು ಬಂತು. ಬಿರುಕು ಇದ್ದರೆ ಸದ್ದು ಬೊದ್ದೆನ್ನುತ್ತದೆ. ಆಮೇಲೆ ಗಾಜಿನ ಮೇಜಿನ ಮೇಲೆ ಇಟ್ಟು ಒಂದು ಪಕ್ಕ ಒತ್ತಿದೆ. ಅಲುಗಲಿಲ್ಲ. ಸೊಟ್ಟ ಆಗಿದ್ದರೆ ಕರೆಂಟ್ ಒಲೆ ಮೇಲೆ ಬುಗುರಿ ಹಾಗೆ ತಿರುಗುತ್ತದೆ. ಮಾರುತ್ತಿದ್ದ ಹೆಂಗಸು 10 ಡಾಲರ್ ಹೇಳಿದರು, 8ಕ್ಕೆ ಕೇಳಿದೆ. ಕೊಟ್ಟರು. ಅದು ಅವರ ತಾಯಿಯದಂತೆ. ಭಾನುವಾರ ಭಾನುವಾರ ಇದರ ಮೇಲೆ ಪ್ಯಾನ್‌ಕೇಕ್ ಮಾಡುತ್ತಿದ್ದರಂತೆ. ಮಾರುವಾಗ ಆ ಹೆಂಗಸು ಒಂದು ಸಲ ಹಂಚನ್ನು ಸವರಿ ಕೊಟ್ಟರು.

ಸ್ವಚ್ಛ ಮಾಡಲು ಒಂದು ವಾರ ಹಿಡಿಯಿತು. ಓವನ್ ಕ್ಲೀನರ್ ಹೊಡೆದು, ಕಸದ ಚೀಲದಲ್ಲಿ ಕಟ್ಟಿ ಎರಡು ದಿನ ಗ್ಯಾರೇಜಿನಲ್ಲಿಟ್ಟೆ. ಕೈಗೆ ಗ್ಲೌಸ್ ಬೇಕೇ ಬೇಕು. ಕರಕಲು ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಮತ್ತೆ ಹಾಗೆಯೇ ಎರಡು ಸಲ. ತುಕ್ಕಿಗೆ ವಿನೆಗರ್, ನೀರು ಸಮ ಸಮ. ಅರ್ಧ ಗಂಟೆ ಅಷ್ಟೇ, ಜಾಸ್ತಿ ಬಿಟ್ಟರೆ ಕಬ್ಬಿಣವನ್ನೇ ತಿನ್ನುತ್ತದೆ. ಕೊನೆಗೆ ಬೂದು ಬಣ್ಣದ ಮೈ ಬಂತು, ಗಾಜಿನಂತೆ ನುಣುಪು. ತೆಳ್ಳಗೆ ಎಣ್ಣೆ ಸವರಿ, ಒರೆಸಿ, ಮಗುಚಿ ಹಾಕಿ 450 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಓವನ್‌ನಲ್ಲಿ ಒಂದು ಗಂಟೆ. ಹೀಗೆ ನಾಲ್ಕು ಸಲ. ಎಣ್ಣೆ ದಪ್ಪಗೆ ಹಚ್ಚಿದರೆ ಅಂಟಂಟಾಗಿ ಕೂರುತ್ತದೆ, ಮತ್ತೆ ಮೊದಲಿಂದ.

ಅದೇ ಸಮಯಕ್ಕೆ ಅವ್ವ ಊರಿಂದ ಬಂದಿದ್ದಳು. ಹಂಚು ನೋಡಿದವಳೇ, "ಯಾರ ಮನೇದೋ ಏನೋ, ಇದ್ರ ಮೇಲೆ ಏನೇನು ಬೇಯ್ಸಿದ್ರೋ" ಅಂದಳು. ನಮ್ಮದು ಲಿಂಗಾಯತರ ಮನೆ. ಅವಳ ಮಾತು ನನಗೆ ಅರ್ಥವಾಯಿತು. ಕೆರೆದದ್ದು, ಸುಟ್ಟದ್ದು ಎಲ್ಲ ಹೇಳಿದೆ. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. "ಬೆಂಕ್ಯಾಗೆ ಹೋಗಿ ಬಂದೈತಲ್ಲ, ಇನ್ನೇನು ಮೈಲಿಗೆ ಬಿಡು" ಅಂತ ಈರುಳ್ಳಿ ಅರ್ಧ ಮಾಡಿ, ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ, ತಾನೇ ಉಜ್ಜಲು ಕೂತಳು. ಮೂರು ದೋಸೆ ಹರಿದವು. ನಾಲ್ಕನೆಯದು ಅಂಚಿನಿಂದ ತಾನಾಗಿ ಎದ್ದಿತು.

ಈಗ ಹೇಗಿದೆ ಅಂದರೆ, ನೀರು ಚಿಮುಕಿಸಿದರೆ ಚುರ್ ಅನ್ನುತ್ತದೆ, ಹಿಟ್ಟು ಹಾಕಿದ ಜಾಗದಲ್ಲೇ ಕಚ್ಚಿ ಕೂರುತ್ತದೆ, ಸೌಟಿಗೆ ಅಂಟುವುದಿಲ್ಲ. ಬೆಣ್ಣೆ ಹಾಕಿದ ಮೇಲೆ ಕೆಳಗೆ ಜೇನಿನ ಬಣ್ಣ, ಗೂಡು ಗೂಡು. ಒಳಗೆ ಮೆತ್ತಗೆ. ಅಗಲ ಹತ್ತು ಅಂಗುಲದ ಮೇಲೆ ಸ್ವಲ್ಪ, ಹೋಟೆಲಿನಷ್ಟು ದೊಡ್ಡ ದೋಸೆ ಆಗುವುದಿಲ್ಲ. ಕಾಯಲು ಹತ್ತು ನಿಮಿಷ ಬೇಕು, ಒಲೆ ಸಣ್ಣಗೇ ಇರಬೇಕು. ಹುಣಸೆಹುಳಿಯ ಅಡುಗೆ ಇದರ ಹತ್ತಿರ ತರಬೇಡಿ. ಡಿಶ್‌ವಾಶರ್‌ಗಂತೂ ಬೇಡವೇ ಬೇಡ. ಮಣಿಕಟ್ಟು ನೋವಿರುವವರಿಗೆ ಎತ್ತುವುದು ಕಷ್ಟ. ಇಂಥದ್ದೇ ಹಂಚಿಗೆ ಆಂಟಿಕ್ ಅಂಗಡಿಯಲ್ಲಿ 45 ಡಾಲರ್ ಚೀಟಿ ನೋಡಿದ್ದೇನೆ. ಅಷ್ಟು ಕೊಟ್ಟರೂ ಮೋಸವಿಲ್ಲ ಅನ್ನುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಕೆಲವರು ಹಳೆ ಬೀಡಿನ ಪಾತ್ರೆಯಲ್ಲಿ ಸೀಸ ಕರಗಿಸಿರುತ್ತಾರೆ, ಮೀನಿನ ಗಾಳದ ಗುಂಡಿಗೆ, ಬಂದೂಕಿನ ಗುಂಡಿಗೆ. ಆಳದ ಬಾಣಲೆಗಳಲ್ಲಿ ಇದು ಜಾಸ್ತಿ. ಬೆಳ್ಳಗೆ ಲೋಹ ಮೆತ್ತಿದ ಹಾಗೆ ಕಂಡರೆ, ಶೆಡ್ಡಿನಿಂದ ಬಂದದ್ದಾದರೆ, ಬಿಟ್ಟುಬಿಡಿ. ಹಳೆ ಬಣ್ಣದ ಹೂವಿನ ಪಿಂಗಾಣಿ ತಟ್ಟೆಯನ್ನೂ ಊಟಕ್ಕೆ ತರಬೇಡಿ, ಆ ಬಣ್ಣದಲ್ಲೂ ಸೀಸ ಇರಬಹುದು. ಕರೆಂಟಿನ ಸಾಮಾನಾದರೆ ಅಲ್ಲೇ ಪ್ಲಗ್ ಹಾಕಿ ನೋಡಿ. ಒಂದು ಅಂಗಡಿಯಲ್ಲಿ ಹಾಗೆ ನೋಡದೆ ರೈಸ್ ಕುಕ್ಕರ್ ತಂದೆ. ಬಿಸಿಯೇ ಆಗಲಿಲ್ಲ, ವಾಪಸ್ಸೂ ತೆಗೆದುಕೊಳ್ಳಲಿಲ್ಲ.

ಈಗ ನಾನು ಹುಡುಕುತ್ತಿರುವುದು ಪಡ್ಡಿನ ಹಂಚು. ಡೆನ್ಮಾರ್ಕಿನವರು ಏಬಲ್‌ಸ್ಕೀವರ್ ಅಂತ ದುಂಡಗಿನ ಸಿಹಿ ತಿಂಡಿ ಮಾಡುತ್ತಾರೆ. ಅದಕ್ಕೆ ಬೇಕಾದ ಏಳು ಗುಳಿಯ ಹಂಚನ್ನು ಪೆನ್ಸಿಲ್ವೇನಿಯಾದ ಈರಿ ಊರಿನ ಗ್ರಿಸ್ವೋಲ್ಡ್ ಕಂಪನಿ ಮಾಡುತ್ತಿತ್ತು. ಸಂಖ್ಯೆ 32 ಅಂತ ಅಚ್ಚಿರುತ್ತದೆ. ನೋಡಿದರೆ ಅಪ್ಪಟ ನಮ್ಮ ಪಡ್ಡಿನ ಹಂಚು. ಹೋದ ವರ್ಷ 127ನೇ ರಸ್ತೆಯ ಯಾರ್ಡ್ ಸೇಲ್‌ನಲ್ಲಿ ಗ್ರೀನ್‌ವಿಲ್ ಹತ್ತಿರ ಒಂದು ಕಂಡಿತು. ಮಿಶಿಗನ್‌ನ ಆಡಿಸನ್‌ನಿಂದ ಅಲಬಾಮಾದ ಗ್ಯಾಡ್ಸ್‌ಡನ್‌ವರೆಗೆ 690 ಮೈಲಿ ಉದ್ದಕ್ಕೂ ಜನ ರಸ್ತೆ ಪಕ್ಕ ಸಾಮಾನು ಹರವಿಕೊಂಡು ಕೂರುತ್ತಾರೆ. 1987ರಿಂದ ನಡೆಯುತ್ತಿದೆ. ಆ ಹಂಚನ್ನು ಎತ್ತಿ ಕುಟ್ಟಿದೆ. ಬೊದ್ದೆಂದಿತು. ಎರಡು ಗುಳಿಗಳ ನಡುವೆ ಕೂದಲಿನಷ್ಟು ಸಣ್ಣ ಬಿರುಕು. ಬಿಟ್ಟು ಬಂದೆ. ಪ್ರತಿ ವರ್ಷ ಆಗಸ್ಟ್‌ನ ಮೊದಲ ಗುರುವಾರ ಶುರುವಾಗಿ ಭಾನುವಾರದವರೆಗೆ ಇರುತ್ತದೆ. ಈ ಸಲ ಗುರುವಾರವೇ ರಜೆ ಹಾಕಿದ್ದೇನೆ, ಈಟನ್ ಕಡೆಯಿಂದ ಶುರು ಮಾಡುತ್ತೇನೆ.