ಗಲ್ಲಾದಲ್ಲಿ ಕೂತವನ ಬೈಪಾಸ್: ಒಂದು ವರ್ಷದ ಮೇಲೆ

ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ನನಗೆ 22 ವರ್ಷ. ಬೆಳಿಗ್ಗೆ ಮೊದಲ ಬನ್ಸ್ ಎಣ್ಣೆಯಿಂದ ಎತ್ತಿದಾಗ ರುಚಿ ನೋಡುವವನು ನಾನೇ. ಡೊಂಬಿವಲಿ ಲೋಕಲ್‌ನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವನು ಒತ್ತಿಕೊಂಡು ಕೂರುವುದು ರೂಢಿ. ನಾನು ಕೂತ ಸೀಟಿನ ಹತ್ತಿರ ‘ಜರಾ ಸರ್ಕೋ’ (ಸ್ವಲ್ಪ ಸರೀರಿ) ಅಂತ ಯಾರೂ ಬರುತ್ತಿರಲಿಲ್ಲ.

102 ಕೆಜಿ, 168 ಸೆಂಟಿಮೀಟರ್, 11 ವರ್ಷದ ಶುಗರ್, ದಿನಕ್ಕೆರಡು ಸಲ ಇನ್ಸುಲಿನ್. ಅಷ್ಟಾದರೂ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.4. ಕಳೆದ ವರ್ಷ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ತೂಕ, ಶುಗರ್ ಇಳಿಸುವ ಜಠರದ ಆಪರೇಷನ್ ಮಾಡಿಸಿಕೊಂಡೆ. ಹೆಸರು ಬೇಡ, ಬೈಯುವುದೂ ಇದೆ.

ಮೊದಲು ಸರ್ಜನ್. ಪೂರ್ತಿ ಅಂಕ. ಸ್ಲೀವ್ ಮಾಡಿಸಿಕೊಂಡ ಪರಿಚಯದವರು ಒಬ್ಬರಿದ್ದರು, ನನಗೂ ಅದೇ ಸಾಕು ಅಂದೆ. ಸರ್ಜನ್ ರಿಪೋರ್ಟಿನ ಹಿಂಬದಿಯಲ್ಲೇ ಚಿತ್ರ ಬರೆದು ತೋರಿಸಿದರು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕೊಳವೆ ಉಳಿಸುತ್ತಾರೆ. ನನಗೆ ಮೊದಲೇ ಎದೆಯುರಿ, ಅದು ಇನ್ನೂ ಹೆಚ್ಚಬಹುದು. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯನ್ನು ಪುಟ್ಟ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಂಡದ್ದು ಕರುಳಿನ ಕೆಳಭಾಗಕ್ಕೆ ಬೇಗ ಮುಟ್ಟುತ್ತದೆ, ಅಲ್ಲಿ ಇನ್ಸುಲಿನ್ ಹೆಚ್ಚಿಸುವ ಜಿಎಲ್‌ಪಿ-1 ಎಂಬ ಹಾರ್ಮೋನು ಜಾಸ್ತಿ ಹೊರಡುತ್ತದೆ. ಹಾಗಾಗಿ ತೂಕ ಇಳಿಯುವ ಮೊದಲೇ ಶುಗರ್ ಇಳಿಯುತ್ತದೆ. ನನಗೆ ನಾಲ್ಕನೇ ದಿನ ಇನ್ಸುಲಿನ್ ನಿಲ್ಲಿಸಿದರು!

“ಶುಗರ್ ಪೂರ್ತಿ ಹೋಗುತ್ತಾ ಡಾಕ್ಟ್ರೇ?” ಅಂತ ಕೇಳಿದ್ದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 150 ಜನರ ಮೇಲೆ ನಡೆದ ಅಧ್ಯಯನದ ಲೆಕ್ಕ ಹೇಳಿದರು. ಐದು ವರ್ಷದ ನಂತರ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು, ಬೈಪಾಸ್ ಆದವರಲ್ಲಿ ನೂರಕ್ಕೆ 29, ಬರೀ ಔಷಧಿ ತಗೊಂಡವರಲ್ಲಿ ನೂರಕ್ಕೆ 5. ಅಷ್ಟೇನಾ ಅನಿಸಿತು. ಆದರೆ ಸುಮ್ನೆ ಹೊಗಳದೆ ಇದ್ದದ್ದು ಹೇಳಿದರಲ್ಲ, ಅಲ್ಲೇ ಧೈರ್ಯ ಬಂತು.

ಇನ್ನು ಇನ್ಶೂರೆನ್ಸ್ ಡೆಸ್ಕ್. ಅಯ್ಯೋ! ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 27.5 ಇದ್ದರೂ ಈ ಸರ್ಜರಿ ಯೋಚಿಸಬಹುದು ಎನ್ನುತ್ತದೆ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ. ನನ್ನ ಪಾಲಿಸಿಯ ಲೆಕ್ಕವೇ ಬೇರೆ: 40 ಇರಬೇಕು, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಡಯಾಬಿಟಿಸ್‌ನಂಥ ಕಾಯಿಲೆ ಇರಬೇಕು. ನನ್ನದು 36. ಸರ್ಜರಿಗೆ ಮುಂಚೆ ಕೊಬ್ಬು ತುಂಬಿದ ಲಿವರ್ ಕುಗ್ಗಲಿ ಅಂತ ಎರಡು ವಾರ ಕಡಿಮೆ ಕ್ಯಾಲೊರಿಯ ಪಥ್ಯ ಹಾಕಿಸಿದರು. ನಿಷ್ಠೆಯಿಂದ ಮಾಡಿದೆ, 98ಕ್ಕೆ ಇಳಿದೆ. ಡೆಸ್ಕಿನ ಮಹಾನುಭಾವ ಆ ತೂಕವನ್ನೇ ಬರೆದು ಕಳಿಸಿದ. ಬಿಎಂಐ 34.7, ಕ್ಯಾಶ್‌ಲೆಸ್ ರದ್ದು! ಪಥ್ಯ ಮಾಡಿದ್ದಕ್ಕೆ ಶಿಕ್ಷೆ. ಸರ್ಜನ್ ಹಳೆಯ ತೂಕ ಬರೆದು ಪತ್ರ ಕೊಟ್ಟ ಮೇಲೆ ಆರು ದಿನಕ್ಕೆ ಮಂಜೂರಾಯಿತು. ಮೊದಲ ದಿನದ ತೂಕದ ಚೀಟಿ ಜೋಪಾನ ಮಾಡಿ. ಜಠರ ಕತ್ತರಿಸಿ ಪಿನ್ ಹೊಡೆಯುವ ಸ್ಟೇಪಲರ್ ಖರ್ಚು ಪ್ಯಾಕೇಜಿನಲ್ಲಿದೆಯಾ ಅಂತಲೂ ಕೇಳಿ. ನನಗೆ ಕೊನೆಯಲ್ಲಿ ಬೇರೆಯೇ ಹಾಕಿದರು.

ಡಯಟ್ ಚಾರ್ಟ್ ಎಲ್ಲರಿಗೂ ಒಂದೇ ಝೆರಾಕ್ಸ್. ಬ್ರೊಕೊಲಿ ಸೂಪ್, ಮೊಟ್ಟೆಯ ಬಿಳಿ. ನಾನು ಸಸ್ಯಾಹಾರಿ ಅಂತ ಫಾರ್ಮಿನಲ್ಲೇ ಬರೆದಿದ್ದೆ. ಮನೆಯವಳು ಹೆಸರುಕಾಳಿನ ಕಟ್ಟು, ನೀರುಮಜ್ಜಿಗೆ, ಆಮೇಲೆ ನುಣ್ಣಗೆ ಅರೆದ ಪನೀರ್ ಕೊಟ್ಟು ನನ್ನನ್ನು ದಡ ಸೇರಿಸಿದಳು. ಮೂರನೇ ತಿಂಗಳು ನೆಂಟರ ಮದುವೆಯಲ್ಲಿ ಅರ್ಧ ಲೋಟ ಪಾಯಸ ಕುಡಿದೆ. ಹದಿನೈದು ನಿಮಿಷಕ್ಕೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ. ಡಯಟಿಷಿಯನ್ ಕೊಟ್ಟ ನಂಬರು ಬಡಿದುಕೊಂಡೇ ಇತ್ತು. ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಹೀಗಾಗುತ್ತದೆ, ಅದಕ್ಕೆ ‘ಡಂಪಿಂಗ್’ ಎನ್ನುತ್ತಾರೆ ಅಂತ ಮರುದಿನ ಸರ್ಜನ್ ಹೇಳಿದರು. ಇದನ್ನು ಡಿಸ್ಚಾರ್ಜ್ ದಿನವೇ ಹೇಳಬೇಕಿತ್ತು, ಅಲ್ವಾ?

ಈಗ 73 ಕೆಜಿ. ಎಚ್‌ಬಿಎ1ಸಿ 6.2, ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ಒಂದೇ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ. ನೆತ್ತಿಯ ಕೂದಲು ಉದುರಿ ಅರ್ಧ ವಾಪಸ್ ಬಂದಿದೆ.

ಮೊನ್ನೆ ಚೆಕಪ್‌ಗೆ ಹೋದಾಗ ಡಯಟಿಷಿಯನ್ ಬದಲಾಗಿದ್ದರು. ಹೊಸ ಹುಡುಗಿ ಪುತ್ತೂರಿನ ಕಡೆಯವಳು. “ಹುರುಳಿ ಸಾರು ಕುಡೀತೀರಾ ಅಣ್ಣ?” ಅಂತ ಕೇಳಿದಳು. ಆಸ್ಪತ್ರೆಗೆ ಮೂರು ಸ್ಟಾರ್ ಅಂದುಕೊಂಡಿದ್ದೆ, ನಾಲ್ಕು ಕೊಡುತ್ತಿದ್ದೇನೆ.